ಮೋಡ ಸೇರುತ್ತಿರುವ ಸೊಸೈಟಿ ಲೆಡ್ಜರ್: ಬೀಗದ ಕೈ ಯಾರ ಬಳಿ?

ಮುಡುಕುತೊರೆ (ತಿ.ನರಸೀಪುರ): ಕಾವೇರಿ ದಂಡೆಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ವರ್ಷಕ್ಕೊಮ್ಮೆ ನೆರೆಯುವ ದನಗಳ ಜಾತ್ರೆಯಲ್ಲಿ ರೈತರ ಲೆಕ್ಕಾಚಾರ ಸರಳ. ಜೋಡಿ ಎತ್ತು ಕೊಂಡವನಿಗೆ ಮೇವಿನ ಖರ್ಚು ಮತ್ತು ರೋಗರುಜಿನದ ಚಿಂತೆ ತಪ್ಪದು. ಬಾಡಿಗೆ ಎತ್ತನ್ನು ನಂಬಿದವನಿಗೆ ಅವೆರಡೂ ಇಲ್ಲ. ಆದರೆ ಹದ ಮಳೆ ಬಿದ್ದ ದಿನ ಒಡೆಯನ ಮನೆ ಬಾಗಿಲು ಕಾಯಬೇಕು. ವ್ಯವಹಾರ ಜಗತ್ತಿನಲ್ಲಿ ‘ಕ್ಲೌಡ್’ ಎಂದು ಹೆಸರಾದ ತಂತ್ರಾಂಶ ಸೇವೆಯ ಒಳಿತು ಕೆಡುಕುಗಳೂ ಹೆಚ್ಚುಕಡಿಮೆ ಇವೇ. ಆ ಬಾಡಿಗೆ ಎತ್ತು ಈಗ ಬೆಳೆಸಾಲ ನೀಡುವ ಸೊಸೈಟಿಗಳ ಅಂಗಳಕ್ಕೂ ಬಂದು ನಿಂತಿದೆ.

ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಆಗ ಅಂದಾಜಿಸಿದ್ದ ವೆಚ್ಚ 2,516 ಕೋಟಿ ರೂ.; ಅಂದರೆ ಸಂಘವೊಂದಕ್ಕೆ ಸರಾಸರಿ ಸುಮಾರು 4 ಲಕ್ಷ ರೂ. ಮುಂದೆ ಸಂಘಗಳ ಸಂಖ್ಯೆಯೂ ವೆಚ್ಚವೂ ಹಿಗ್ಗಿದವು. ನಬಾರ್ಡ್ ಮೂಲಕ ಜಾರಿಯಾಗುತ್ತಿರುವ ಈ ಯೋಜನೆಯ ತಿರುಳು ಕಂಪ್ಯೂಟರ್ ಹಂಚಿಕೆಯಲ್ಲಿಲ್ಲ. ಇಡೀ ದೇಶಕ್ಕೆ ಒಂದೇ ಸಾಮಾನ್ಯ ತಂತ್ರಾಂಶ, ಅದರ ದತ್ತಾಂಶವೆಲ್ಲ ದೂರದ ಸರ್ವರ್‌ನಲ್ಲಿ, ಸಂಘದ ಮೇಜಿನ ಮೇಲಿರುವುದು ಬರಿಯ ಕಿಟಕಿ ಎಂಬುದೇ ಅದರ ಸಾರ. ಸಂಘ, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್ ಹಾಗೂ ರಾಜ್ಯ ಅಪೆಕ್ಸ್ ಬ್ಯಾಂಕ್‌ಗಳ ಲೆಕ್ಕಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಉದ್ದೇಶ.

ಈ ಬಗೆಯ ವ್ಯವಸ್ಥೆ ಹೊಸದೇನಲ್ಲ. 1986ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಟ್ಯಾಲಿಯಂಥ ಲೆಕ್ಕಪತ್ರ ತಂತ್ರಾಂಶವನ್ನು ವರ್ತಕರು ಒಮ್ಮೆ ಕೊಂಡು ತಮ್ಮದೇ ಗಣಕದಲ್ಲಿ ಇರಿಸಿಕೊಳ್ಳುತ್ತಿದ್ದರು. 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್ ಕಂಪನಿಯು ತಂತ್ರಾಂಶವನ್ನು ವಿದ್ಯುತ್ತಿನಂತೆ ಬಳಸಿದಷ್ಟಕ್ಕೆ ಹಣ ತೆತ್ತು ಪಡೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅಮೆಜಾನ್ 2006ರಲ್ಲಿ ಸರ್ವರ್‌ಗಳನ್ನೇ ಬಾಡಿಗೆಗೆ ಬಿಟ್ಟಿತು. ಭಾರತ ಸರ್ಕಾರವೂ 2014ರಲ್ಲಿ ತನ್ನ ಕ್ಲೌಡ್‌ಗೆ ‘ಮೇಘರಾಜ್’ ಎಂದು ಹೆಸರಿಟ್ಟು ಚಾಲನೆ ನೀಡಿತು.

ಬಾಡಿಗೆ ವ್ಯವಸ್ಥೆಯಿಂದ ಸೊಸೈಟಿಗಳಿಗೆ ಅನುಕೂಲವಿಲ್ಲ ಎನ್ನಲಾಗದು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ, ಕಾಗದದ ಲೆಡ್ಜರ್ ಎಷ್ಟು ದುರ್ಬಲವೆಂದು ವಿವರಿಸಬೇಕಿಲ್ಲ. ಲೆಕ್ಕ ತಿದ್ದುವ ಕೈಗಳಿಗೂ ತಂತ್ರಾಂಶ ಸ್ವಲ್ಪಮಟ್ಟಿಗೆ ಕಡಿವಾಣ ಹಾಕುತ್ತದೆ. ಯಾರ ಲಾಗಿನ್‌ನಿಂದ ಯಾವ ಗಳಿಗೆಯಲ್ಲಿ ನಮೂದು ಬದಲಾಯಿತೆಂಬುದು ದಾಖಲಾಗುತ್ತದೆ. ಸದಸ್ಯರ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ ಪ್ರಕರಣಗಳು ಸಹಕಾರ ಕ್ಷೇತ್ರಕ್ಕೆ ಅಪರಿಚಿತವಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲ್ಗೊಂಡ ಈ ಚಳವಳಿ ಶತಮಾನ ದಾಟಿದರೂ ಕಾರ್ಯದರ್ಶಿಯ ಕೈಬರಹವನ್ನೇ ನೆಚ್ಚಿಕೊಂಡು ಬಂದಿತ್ತೆಂಬುದು ಹೆಮ್ಮೆಪಡುವ ಸಂಗತಿಯಲ್ಲ.

ಆದರೆ ರೈತನಿಗೆ ಈ ಲೆಡ್ಜರ್‌ನ ಒಂದೊಂದು ಸಾಲೂ ಹಣ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023-24ನೇ ಸಾಲಿನ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ಗಡುವಿನೊಳಗೆ ಮರುಪಾವತಿಸಿದವರಿಗೆ ಮಾತ್ರ ಬಡ್ಡಿ ವಿನಾಯಿತಿ. ಅಂದಮೇಲೆ ಕಟ್ಟಿದ ದಿನಾಂಕವೇ ಮುಖ್ಯ. ಗಡುವಿನ ದಿನ ಸಂಪರ್ಕ ಕಡಿದು ನಮೂದು ಮರುದಿನಕ್ಕೆ ಬಿದ್ದರೆ ಬಡ್ಡಿಯ ಹೊರೆ ಯಾರ ತಲೆಗೆ? 2018ರಲ್ಲಿ ಸಹಕಾರ ಸಂಸ್ಥೆಗಳ 1 ಲಕ್ಷ ರೂ.ವರೆಗಿನ ಬೆಳೆಸಾಲ ಮನ್ನಾ ಆದಾಗ ಆಧಾರ್, ಪಡಿತರ ಚೀಟಿ ಮತ್ತು ಸಾಲದ ದಾಖಲೆಗಳನ್ನು ಗಣಕದಲ್ಲಿ ತಾಳೆ ನೋಡಿಯೇ ಅರ್ಹರನ್ನು ಗುರುತಿಸಲಾಗಿತ್ತು. ಮನ್ನಾ ಆಗಲಿ, ಬಡ್ಡಿ ಸಹಾಯಧನವಾಗಲಿ, ಪರದೆಯ ಮೇಲೆ ಇರುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ದೂರದ ಸರ್ವರ್ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಜಂಟಿಯಾಗಿ ಕಟ್ಟಿದ ಸಿ-ಎಡ್ಜ್ ಸಂಸ್ಥೆಯು ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಇದೇ ಮಾದರಿಯಲ್ಲಿ ತಂತ್ರಾಂಶ ಒದಗಿಸುತ್ತದೆ. 2024ರ ಜುಲೈ ಕೊನೆಯಲ್ಲಿ ಅದರ ಮೇಲೆ ಒತ್ತೆಹಣದ ಸೈಬರ್ ದಾಳಿ ನಡೆದಾಗ, ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನೇ ಕಡಿದಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮುಂತಾದ ಪಾವತಿ ಸೇವೆಗಳು ನಿಂತವು. ದಾಳಿಗೀಡಾದದ್ದು ಒಂದು ಸಂಸ್ಥೆ, ಪರದಾಡಿದ್ದು ಮುನ್ನೂರು ಬ್ಯಾಂಕುಗಳ ಗ್ರಾಹಕರು. ಒಂದೇ ಹಗ್ಗಕ್ಕೆ ಎಲ್ಲ ದನಗಳನ್ನೂ ಕಟ್ಟಿದರೆ ಹಗ್ಗ ಹರಿದಾಗ ಇನ್ನೇನಾದೀತು?

ಮತ್ತೊಂದು ಪ್ರಸಂಗ ಇನ್ನೂ ಕಸಿವಿಸಿ ಹುಟ್ಟಿಸುವಂಥದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟವು ಗುಜರಾತಿನಲ್ಲಿ ತೈಲ ಶುದ್ಧೀಕರಣ ಘಟಕ ಹೊಂದಿರುವ ನಯಾರಾ ಎನರ್ಜಿ ಕಂಪನಿಯ ಮೇಲೆ ನಿರ್ಬಂಧ ಹೇರಿತು. ಬೆನ್ನಲ್ಲೇ ಮೈಕ್ರೋಸಾಫ್ಟ್ ಆ ಕಂಪನಿಗೆ ಇ-ಮೇಲ್ ಮತ್ತಿತರ ಸೇವೆಗಳನ್ನು ಸ್ಥಗಿತಗೊಳಿಸಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ನಂತರ ಸೇವೆ ಮರಳಿತು. ಬಾಡಿಗೆ ಬಾಕಿ ಇರಲಿಲ್ಲ, ಭಾರತದ ಕಾನೂನು ಮುರಿದ ಆರೋಪವೂ ಇರಲಿಲ್ಲ. ಆದರೂ ತನ್ನದೇ ಪತ್ರವ್ಯವಹಾರ ತನ್ನ ಕೈತಪ್ಪಿತ್ತು. ಬೃಹತ್ ಕಂಪನಿಗೆ ಹೈಕೋರ್ಟಿಗೆ ಹೋಗುವ ತ್ರಾಣವಿದೆ. ತಾಲ್ಲೂಕಿನ ಸೊಸೈಟಿಗೆ ಅದು ಎಲ್ಲಿಂದ ಬರಬೇಕು? ಸೊಸೈಟಿಗಳ ತಂತ್ರಾಂಶ ಸರ್ಕಾರಿ ಯೋಜನೆಯಡಿ ಇರುವುದರಿಂದ ವಿದೇಶಿ ನಿರ್ಬಂಧದ ಭೀತಿ ಇಲ್ಲಿಗೆ ಅಷ್ಟಾಗಿ ಅನ್ವಯಿಸದು ಎಂಬುದು ನಿಜ. ಆದರೆ ಬೀಗದ ಕೈ ಬೇರೆಯವರ ಬಳಿ ಇರುವ ಸ್ಥಿತಿ ಎರಡೂ ಕಡೆ ಒಂದೇ.

ಕಾನೂನಿನ ರಕ್ಷಣೆಯೂ ಇಲ್ಲಿ ತೆಳು. ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಮಾಹಿತಿ ತಂತ್ರಜ್ಞಾನ ಸೇವೆಯನ್ನು ಹೊರಗುತ್ತಿಗೆ ನೀಡುವ ಬ್ಯಾಂಕುಗಳು ಆ ಗುತ್ತಿಗೆಯಿಂದ ಹೊರಬರುವ ಯೋಜನೆಯನ್ನೂ ಸಿದ್ಧವಾಗಿಟ್ಟುಕೊಂಡಿರಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಹೊರಗಿರುವುದರಿಂದ ಈ ರಕ್ಷಣೆ ಅವುಗಳಿಗಿಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. 2019ರ ಮಸೂದೆಯಲ್ಲಿದ್ದ ‘ದತ್ತಾಂಶವನ್ನು ಬೇರೆಡೆ ಒಯ್ಯುವ ಹಕ್ಕು’ ಆ ಕಾಯ್ದೆಯಲ್ಲಿಲ್ಲ. ಸಂಘವೊಂದರ ಜಮಾಖರ್ಚಿನ ವಿಷಯವಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.

ಇದೇ ತೊಡಕನ್ನು ನಂಜನಗೂಡು ಕೈಗಾರಿಕಾ ಪ್ರದೇಶದಂಥ ಕಡೆಗಳ ಸಣ್ಣ ಉದ್ಯಮಿಗಳೂ ಎದುರಿಸಬೇಕಾಗಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂ. ಮೀರಿದ ವಹಿವಾಟು ಇರುವವರು ಇತರ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಲೇಬೇಕು. ಅಂತರ್ಜಾಲ ಆಧಾರಿತ ಲೆಕ್ಕಪತ್ರ ಸೇವೆ ಕೊಳ್ಳಲು ಇದೇ ದೊಡ್ಡ ಒತ್ತಾಯ. ಚಂದಾ ನವೀಕರಿಸದಿದ್ದರೆ ಹಳೆಯ ಬಿಲ್ಲುಗಳನ್ನು ನೋಡಲು ಸಾಧ್ಯವೇ, ಯಾವ ರೂಪದಲ್ಲಿ ಕೈಗೆ ಬರುತ್ತವೆ ಎಂಬುದನ್ನು ಒಪ್ಪಂದದ ಸಣ್ಣಕ್ಷರಗಳಲ್ಲಿ ಓದಿ ಸಹಿ ಮಾಡುವವರು ವಿರಳ. ಆದರೂ ಉದ್ಯಮಿಗೆ ಒಂದು ಸೇವೆ ಬಿಟ್ಟು ಇನ್ನೊಂದಕ್ಕೆ ಹೋಗುವ ಆಯ್ಕೆಯಿದೆ. ಸೊಸೈಟಿಗೆ ಅದೂ ಇಲ್ಲ.

ಪರಿಹಾರ ದುಬಾರಿಯಲ್ಲ. ಪ್ರತಿ ತಿಂಗಳ ಖಾತೆವಾರು ಬಾಕಿಯನ್ನು ಸಂಘದ ಗಣಕದಲ್ಲಿ ಪ್ರತ್ಯೇಕವಾಗಿ ಉಳಿಸಿ, ಅದರ ಮುದ್ರಿತ ಪ್ರತಿಯನ್ನು ಬೀರುವಿನಲ್ಲಿಡಬಹುದು. ಸಂಪರ್ಕ ಕಡಿದ ದಿನ ಕೈಬರಹದಲ್ಲಿ ಕೊಟ್ಟ ರಸೀದಿಯ ದಿನಾಂಕವೇ ಅಂತಿಮವೆಂದು ಸಹಕಾರ ಇಲಾಖೆ ಸುತ್ತೋಲೆ ಹೊರಡಿಸಬಹುದು. ರೈತನ ಪಾಸ್ ಪುಸ್ತಕವನ್ನು ಮಾತ್ರ ಯಾವ ನೆಪಕ್ಕೂ ರದ್ದು ಮಾಡಕೂಡದು.

ಇವೆಲ್ಲಕ್ಕಿಂತ ಮೊದಲು ಉತ್ತರ ಬೇಕಾದದ್ದು ಹಣದ ಪ್ರಶ್ನೆಗೆ. ಯೋಜನೆಯ ಮೂಲ ಅವಧಿ 2022-23ರಿಂದ 2026-27ರವರೆಗಿನ ಐದು ವರ್ಷ. ತಂತ್ರಾಂಶದ ನಿರ್ವಹಣೆಗಾದರೋ ಕೊನೆಯ ವರ್ಷವೆಂಬುದಿಲ್ಲ. ಆ ಬಳಿಕದ ವೆಚ್ಚವನ್ನು ಕೇಂದ್ರ, ರಾಜ್ಯ ಅಥವಾ ನಬಾರ್ಡ್ ಭರಿಸದಿದ್ದರೆ ಅದು ಸಂಘದ ಲಾಭದಿಂದ, ಅಂದರೆ ಸದಸ್ಯರ ಡಿವಿಡೆಂಡಿನಿಂದಲೇ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಸೇರುವ ವಾರ್ಷಿಕ ಮಹಾಸಭೆಗಳಲ್ಲಿ ಜಮಾಖರ್ಚು ಓದಿ ಮುಗಿಸುವ ಮುನ್ನ ಸದಸ್ಯರು ಈ ಬಾಬ್ತನ್ನು ಕೇಳಲು ಅವಕಾಶವಿದೆ.