ವೇಲಚೇರಿಯ ನೀರು ಮತ್ತು ನಮ್ಮ ಮಕ್ಕಳ ವಿದ್ಯೆ

ಕಳೆದ ವಾರ ವೇಲಚೇರಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುವ ಕುಂದಾಪುರದ ಕಡೆಯ ಮಿತ್ರರೊಬ್ಬರು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಹುಡುಗನಿಗೆ ಸಿವಿಲ್ ಇಂಜಿನಿಯರಿಂಗಿನ ಮೇಲೆ ಆಸೆ. ತಂದೆಗೆ ಕಂಪ್ಯೂಟರಿನ ಮೇಲೆ. “ಬಿಸಿಲಿನಲ್ಲಿ ನಿಂತು ಇಟ್ಟಿಗೆ ಎಣಿಸುವುದಕ್ಕಾಗಿ ಇವನನ್ನು ಓದಿಸಬೇಕೆ?” ಎಂಬುದು ಅವರ ಪ್ರಶ್ನೆಯಾಗಿದ್ದಿತು.

ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ಮುಗಿದುದು. ಇಂಜಿನಿಯರಿಂಗಿನ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಅರ್ಹತೆ ನಮಗಿಲ್ಲ. ಆದರೆ ಪತ್ರಿಕೆಯ ಕೆಲಸಕ್ಕೆ ಬರುವುದಕ್ಕೆ ಮುಂಚೆ ಅನೇಕ ವರ್ಷ ಹೋಟೆಲು ನಡೆಸಿದವರು ನಾವು. ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಚಿಂತೆಗಳು ಹೋಟೆಲಿನವನನ್ನು ನಿದ್ರೆಯಲ್ಲಿಯೂ ಬಿಡತಕ್ಕವಲ್ಲ. ಆ ಚಿಂತೆಗಳನ್ನೇ ಶಾಸ್ತ್ರವನ್ನಾಗಿ ಮಾಡಿಕೊಂಡ ವಿದ್ಯೆಯನ್ನು ಇಟ್ಟಿಗೆಯ ಲೆಕ್ಕವೆಂದು ಕಡೆಗಣಿಸುವುದು ಸರಿಯಲ್ಲವೆಂದು ನಾವು ಅಭಿಪ್ರಾಯಪಡುತ್ತೇವೆ.

2015ರ ಡಿಸೆಂಬರ್ ಮೊದಲ ವಾರವನ್ನು ವೇಲಚೇರಿಯ ಕನ್ನಡಿಗರು ಮರೆತಿರಲಾರರು. ನಮ್ಮ ಹೋಟೆಲಿನ ಉಗ್ರಾಣದಲ್ಲಿ ಸೊಂಟದವರೆಗೆ ನೀರು. ಅಕ್ಕಿಯ ಮೂಟೆಗಳು ನೆನೆದು ಒಡೆದವು. ಹುಡುಗರು ಮಹಡಿಯ ಮೇಲೆ ಎರಡು ರಾತ್ರಿ ಬಿಸ್ಕತ್ತು ತಿಂದು ಕಳೆದರು. ಅದನ್ನು ದೈವದ ಕೋಪವೆಂದವರುಂಟು. ಆದರೆ ನೀರು ತಾನು ಹೋಗಬೇಕಾದ ದಾರಿಯನ್ನೇ ಹುಡುಕುತ್ತಿದ್ದಿತು. ಸುತ್ತಲಿನ ಎತ್ತರದ ಪ್ರದೇಶದ ಮಳೆಯು ವೇಲಚೇರಿಯ ಕೆರೆಗೆ ಬಂದು, ಅಲ್ಲಿಂದ ಪಳ್ಳಿಕ್ಕರಣೆಯ ಜೌಗಿಗೆ ಇಳಿದು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಸೇರಿ ಕೋವಳದ ಬಳಿ ಸಮುದ್ರಕ್ಕೆ ಹೋಗತಕ್ಕದ್ದು. (ಈ ‘ಮಡುವು’ ನಮ್ಮ ಮಡುವೇ ಸರಿ. ‘ಏರಿ’ ಮಾತ್ರ ನಮಗೆ ಕೆರೆಯ ದಂಡೆ, ತಮಿಳರಿಗೆ ಕೆರೆಯೇ.) ಕೆರೆಯನ್ನು ಮನೆಗಳು ಒತ್ತರಿಸಿದವು, ಜೌಗಿನ ಒಂದು ಭಾಗವನ್ನು ಪೆರುಂಗುಡಿಯ ಕಸದ ರಾಶಿ ನುಂಗಿತು. ಉಳಿದ ಜೌಗಿಗೆ 2022ರಲ್ಲಿ ರಾಮ್ಸರ್ ಒಪ್ಪಂದದ ಮನ್ನಣೆ ದೊರೆತುದು ಸಂತೋಷದ ಸಂಗತಿ. ಆದರೆ ಹೋದುದು ಹೋಯಿತು.

ಮುಳುಗಿದ ಊರೇ 2019ರ ಬೇಸಗೆಯಲ್ಲಿ ಒಣಗಿತು. ನಗರಕ್ಕೆ ನೀರುಣಿಸುವ ಜಲಾಶಯಗಳು ಬರಿದಾದವು. ಎಷ್ಟೋ ಹೋಟೆಲುಗಳು ಊಟವನ್ನು ಮೊಟಕುಗೊಳಿಸಿದವು. ಟ್ಯಾಂಕರಿನವನ ಮುಂದೆ ಕೈಜೋಡಿಸಿ ನಿಂತ ಮಾಲಿಕರಲ್ಲಿ ನಾವೂ ಒಬ್ಬರು. ನಾಲ್ಕು ವರ್ಷದ ಅಂತರದಲ್ಲಿ ಒಂದೇ ಊರಿಗೆ ಎರಡೂ ಬಂದುದೇಕೆ ಎಂಬುದನ್ನು ಲೆಕ್ಕಹಾಕಿ ಹೇಳಬಲ್ಲವನೇ ಜಲಸಂಪನ್ಮೂಲದ ಇಂಜಿನಿಯರು.

ವೇಲಚೇರಿಯ ಮಗ್ಗುಲಲ್ಲಿಯೇ, ಗೋಡೆಯ ಆಚೆಗೆ, 1959ರಲ್ಲಿ ಸ್ಥಾಪಿತವಾದ ಐ.ಐ.ಟಿ. ಇದೆ. ಅದರ ಸಿವಿಲ್ ವಿಭಾಗದಲ್ಲಿ ಕಟ್ಟಡ ನಿರ್ಮಾಣ, ರಚನೆ, ಮಣ್ಣು ಮತ್ತು ಅಸ್ತಿವಾರ, ಸಾರಿಗೆ, ಪರಿಸರ ಮತ್ತು ಜಲಸಂಪನ್ಮೂಲ ಎಂದು ಬೇರೆಬೇರೆ ಶಾಖೆಗಳಲ್ಲಿ ಸಂಶೋಧನೆ ನಡೆಯುತ್ತದೆ. ಅಸ್ತಿವಾರದ ಶಾಖೆಯ ಬೆಲೆಯನ್ನು ತಿಳಿಯಬಯಸುವವರು 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನು ನೆನೆಯಬಹುದು. ಆಗ ನಮ್ಮ ಐದು ಫರ್ಲಾಂಗ್ ರಸ್ತೆಯಲ್ಲಿ ಕಟ್ಟಡಕ್ಕಾಗಿ ಅಗೆದಿದ್ದ ಆಳವಾದ ಹೊಂಡದ ಅಂಚು ಕುಸಿದು ಇಬ್ಬರು ಪ್ರಾಣ ತೆತ್ತರು. ಅವರ ದೇಹಗಳನ್ನು ಹೊರತೆಗೆಯಲು ದಿನಗಳೇ ಹಿಡಿದವು. ನೆನೆದ ಮಣ್ಣು ಎಷ್ಟು ಭಾರವನ್ನು ತಡೆದೀತು ಎಂಬುದು ಪುಸ್ತಕದ ಪ್ರಶ್ನೆಯಲ್ಲ.

ಆದರೆ ನಮ್ಮ ವಾಚಕರಿಗೆ ಅತ್ಯಂತ ಹತ್ತಿರವಾದುದು, ಮತ್ತು ಯಾರೂ ಬಾಯಿಬಿಟ್ಟು ಮಾತನಾಡದಿರುವುದು, ಕೊಳಚೆಯ ಶಾಸ್ತ್ರ. ಪಾತ್ರೆ ತೊಳೆಯುವ ಹುಡುಗನು ಸುರಿಯುವ ಬಿಸಿನೀರಿನೊಡನೆ ಎಣ್ಣೆಯ ಜಿಡ್ಡು ಹರಿದು, ಕೊಳವೆಯಲ್ಲಿ ತಣಿದು, ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಜಿಡ್ಡು ನೀರಿಗಿಂತ ಹಗುರವಾದುದರಿಂದ ತೊಟ್ಟಿಯೊಂದರಲ್ಲಿ ನೀರನ್ನು ನಿಧಾನಿಸಿದರೆ ಮೇಲೆ ತೇಲುವುದು, ಕೆನೆಯಂತೆ ತೆಗೆಯಬಹುದು, ಇಷ್ಟೇ ತತ್ತ್ವ. ಇದನ್ನು ಮಾಡದೆ, ಕಟ್ಟಿದ ಗುಂಡಿಗೆ ಮನುಷ್ಯನನ್ನು ಇಳಿಸುವ ಪದ್ಧತಿ ನಮ್ಮಲ್ಲಿ ನಡೆದುಬಂದಿತು. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಗಾಳಿಗಿಂತ ಭಾರವಾದುದು, ತಳದಲ್ಲಿ ಕುಳಿತಿರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯೂ ತಿಳಿಯುವುದಿಲ್ಲ. 2019ರ ಜೂನ್ ತಿಂಗಳಲ್ಲಿ ಗುಜರಾತಿನ ದಭೋಯಿ ಸಮೀಪದ ಹೋಟೆಲೊಂದರ ಕೊಳಚೆಯ ಗುಂಡಿಯಲ್ಲಿ ಏಳು ಜನ ಸತ್ತರು. ನಾಲ್ವರು ಶುಚಿಮಾಡಲು ಬಂದವರು. ಮೂವರು ಅದೇ ಹೋಟೆಲಿನ ಕೆಲಸಗಾರರು. ಹೀಗೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನಂತೆ ಅಪರಾಧವೆಂಬುದು ಎಷ್ಟು ಮಾಲಿಕರಿಗೆ ಗೊತ್ತಿದೆ? ನಾವು ಹೋಟೆಲು ನಡೆಸುತ್ತಿದ್ದಾಗ ಈ ವಿಷಯದಲ್ಲಿ ನಿರ್ದೋಷಿಗಳಾಗಿದ್ದೆವೆಂದು ಹೇಳಿಕೊಳ್ಳಲಾರೆವು. ಒಮ್ಮೆ ಇಳಿದವನು ಮೇಲೆ ಬಂದುದು ಅದೃಷ್ಟ, ನಮ್ಮ ಜಾಣ್ಮೆಯಲ್ಲ.

ಈ ಕೆಲಸದಲ್ಲಿ ಗೌರವವಿಲ್ಲವೆನ್ನುವವರಿಗೆ ಒಂದು ಮಾತು. ಸೆಪ್ಟೆಂಬರ್ 15ರಂದು ನಾವೆಲ್ಲರೂ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಕನ್ನಂಬಾಡಿಯನ್ನು ಕೊಂಡಾಡುತ್ತೇವೆ. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ನಾಶವಾದಾಗ ಅಲ್ಲಿಗೆ ಕರೆಯಿಸಲ್ಪಟ್ಟವರು ಅವರೇ. ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆಯುವ ಜಲಾಶಯಗಳ ಯೋಜನೆಯೊಡನೆ ಆ ನಗರದ ಚರಂಡಿಯ ಯೋಜನೆಯನ್ನೂ ಅವರು ಸಿದ್ಧಪಡಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಚಿಂತನೆಯ ಫಲ. ಅವರ ಚರಂಡಿಯನ್ನು ನಮ್ಮ ಭಾಷಣಕಾರರು ಬಿಟ್ಟುಬಿಡುವುದು ವಾಡಿಕೆ.

ಇನ್ನು ಹೊಟ್ಟೆಪಾಡಿನ ಮಾತು. ಆರಂಭದ ಸಂಬಳ ಕಂಪ್ಯೂಟರಿನವರಷ್ಟಿರುವುದು ಅಪರೂಪವೆಂಬುದನ್ನು ಮುಚ್ಚಿಡುವುದಿಲ್ಲ. ಧೂಳೂ ಬಿಸಿಲೂ ತಪ್ಪತಕ್ಕವಲ್ಲ. ಆದರೆ ದಾರಿ ಬಡವನಿಗೆ ಮುಚ್ಚಿಲ್ಲ. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ; ಆಮೇಲೆ ಕೆಲಸಕ್ಕೂ ಸೇರಬಹುದು, ಅರ್ಹತೆಯಿದ್ದರೆ ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿಯೂ ಸೇರಬಹುದು. ಅದನ್ನು ಮುಗಿಸಿ ‘ಗೇಟ್’ ಪರೀಕ್ಷೆಯ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತ ಬಂದಿದೆ. 2021ರಿಂದ ಆ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗಿಗೆ ಪ್ರತ್ಯೇಕ ಪತ್ರಿಕೆಯೇ ಉಂಟು. ನೌಕರಿಯ ಸ್ಥಳಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಗರದ ನೀರು ಮತ್ತು ಕೊಳಚೆಯ ಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಸಮುದ್ರದ ನೀರನ್ನು ಸಿಹಿಮಾಡುವ ಮಿಂಜೂರು ಮತ್ತು ನೆಮ್ಮೇಲಿಯ ಸ್ಥಾವರಗಳು, ಮೆಟ್ರೋ ರೈಲಿನ ಗುತ್ತಿಗೆದಾರರು, ಇವರೆಲ್ಲರಿಗೂ ಈ ವಿದ್ಯೆಯವರೇ ಬೇಕು.

ಗಲ್ಲಾದ ಮಿತ್ರರು ಇದನ್ನೆಲ್ಲ ಕೇಳಿ, ಎರಡು ಕಡೆಗೂ ಅರ್ಜಿ ಹಾಕುವುದಾಗಿ ಹೇಳಿ ಹೋದರು. ಹುಡುಗನು ಹೊರಡುವಾಗ, ಹೋಟೆಲಿನ ಜಿಡ್ಡಿನ ತೊಟ್ಟಿಯನ್ನು ಎಲ್ಲಿ ನೋಡಬಹುದೆಂದು ವಿಚಾರಿಸಿದನು. ನಮ್ಮ ಹಳೆಯ ಅಡಿಗೆಮನೆಗೆ ಬರಹೇಳಿದ್ದೇವೆ. ವಾಚಕರ ಮಕ್ಕಳಲ್ಲಿ ಯಾರಾದರೂ ಈಗಾಗಲೇ ಈ ವಿದ್ಯೆಯಲ್ಲಿದ್ದರೆ ನಮ್ಮ ಕಾರ್ಯಾಲಯಕ್ಕೆ ಒಂದು ಕಾಗದ ಬರೆಯಬೇಕಾಗಿ ಪ್ರಾರ್ಥನೆ. ಅರ್ಜಿಯ ಫಾರಮು ತುಂಬಲು ತಿಳಿಯದೆ ಕುಳಿತಿರುವ ಕಿರಿಯರ ಪರಿಚಯವನ್ನು ನಾವು ಮಾಡಿಸಿಕೊಡುತ್ತೇವೆ.