ಗೊಣ್ಣೆಸುರುಕರ ಗದ್ದಲಕ್ಕೆ ನಗಬಾರದಾ?

ಒಂದು ರಾತ್ರಿ ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕು ಜನ ಮೆರ್ಜ್‌ಬೋ ಹಾಕ್ಕೊಂಡು ಕೂತಿದ್ವಿ. ಐದು ನಿಮಿಷ ಆಗಿರಲಿಲ್ಲ, ಪಕ್ಕದ ರೂಮಿನ ಮೆಕ್ಯಾನಿಕಲ್ ಹುಡುಗ ಬಾಗಿಲು ತಟ್ಟಿದ. "ಫ್ಯಾನ್ ಬೇರಿಂಗ್ ಹೋಗಿದೆ ಕಣ್ರೋ, ಮೊದಲು ಆಫ್ ಮಾಡಿ" ಅಂದ. ಬಿದ್ದು ಬಿದ್ದು ನಕ್ಕೆವು. ನಗದೇ ಇದ್ದವರು ಒಬ್ಬರೇ, ನಮಗೆ ಈ ಸಂಗೀತದ ರುಚಿ ಹತ್ತಿಸಿದ ಸೀನಿಯರ್. "ಇದು ನಗೋ ವಿಷಯ ಅಲ್ಲ. ಯುದ್ಧದಲ್ಲಿ ಸುಟ್ಟುಹೋದ ಒಂದು ದೇಶದ ಕೂಗು. ಅರ್ಥ ಆಗದಿದ್ರೆ ಸುಮ್ನೆ ಕೂತ್ಕೊಳ್ಳಿ" ಅಂತ ಬೈದರು. ಅವತ್ತು ಸುಮ್ಮನಾದ್ವಿ. ಆಮೇಲೆ ಒಂದಿಡೀ ಸೆಮಿಸ್ಟರ್ ಜಪಾನಿನ ಈ ನಾಯ್ಸ್ ಸಂಗೀತದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ವಿ, ಕೇಳಿದ್ವಿ. ಈಗ ಸೀನಿಯರ್ ಕ್ಷಮಿಸಬೇಕು, ನಾವು ನಕ್ಕಿದ್ದೇ ಸರಿ ಅನ್ನೋದು ನಮ್ಮ ವಾದ.

ಮೊದಲು ಹೆಸರುಗಳನ್ನೇ ನೋಡಿ. 80ರ ದಶಕದಲ್ಲಿ ಒಸಾಕಾದಲ್ಲಿ ಯಮಾಟ್ಸುಕಾ ಐ ಅನ್ನೋ ಹುಡುಗ ಕಟ್ಟಿದ ತಂಡ ಹಾನಾತರಾಶ್. ಕನ್ನಡದಲ್ಲಿ ಹೇಳೋದಾದ್ರೆ ಗೊಣ್ಣೆಸುರುಕ. ಇನ್ನೊಂದು ತಂಡ ಗೆರೋಗೆರಿಗೆಗೆಗೆ. 'ಗೆರೋ' ಅಂದ್ರೆ ವಾಂತಿ, 'ಗೆರಿ' ಅಂದ್ರೆ ಭೇದಿ, ಉಳಿದ 'ಗೆಗೆಗೆ' ಆ ಎರಡೂ ಒಟ್ಟಿಗೆ ಆಗುವಾಗಿನ ಸದ್ದು. ಇವರ 1990ರ ಒಂದು ಆಲ್ಬಮ್ಮಲ್ಲಿ 75 ಹಾಡುಗಳಿವೆ. ಹಾಡಿನ ಹೆಸರು ಕೂಗೋದು, "ಒನ್ ಟು ತ್ರೀ ಫೋರ್" ಅನ್ನೋದು, ಗದ್ದಲ, ಮುಂದಿನದು. ಅಷ್ಟೇ. (ಆಲ್ಬಮ್ಮಿನ ಹೆಸರು ಬರೆದರೆ ಸಂಪಾದಕರು ಈ ಲೇಖನ ಹಾಕಲ್ಲ.) 'ಆರ್ಟ್ ಈಸ್ ಓವರ್' ಅಂತ ಇನ್ನೊಂದು ಬಿಡುಗಡೆ ಮಾಡಿದರು. ಕ್ಯಾಸೆಟ್ ಡಬ್ಬಿ ತೆಗೆದರೆ ಒಳಗೆ ಆಕ್ಟೋಪಸ್ಸಿನ ಕಾಲಿನ ತುಂಡು. ಇದರಲ್ಲಿ ದೇಶದ ಗಾಯ ಹುಡುಕೋರಿಗೆ ನಮ್ಮ ನಮಸ್ಕಾರ.

ಮತ್ತೆ ಈ ಗಂಭೀರ ಮುಖ ಎಲ್ಲಿಂದ ಬಂತು? 90ರ ದಶಕದಲ್ಲಿ ಅಮೆರಿಕ, ಯೂರೋಪಿನ ಕೇಳುಗರಿಗೆ ಇವೆಲ್ಲ ತಲುಪಿದ್ದು ಹೆಚ್ಚಾಗಿ ಅಂಚೆಯಲ್ಲಿ ಬಂದ ಕ್ಯಾಸೆಟ್ಟು, ಸೀಡಿಗಳ ಮೂಲಕ. ಕವರ್ ಮೇಲಿನ ಬರಹ ಓದೋಕೆ ಬರಲ್ಲ, ನುಡಿಸಿದವರು ಯಾರು ಗೊತ್ತಿಲ್ಲ, ಒಳಗೆ ಕಿವಿ ಹರಿಯೋ ಸದ್ದು. ಬೇರೆ ಬೇರೆ ಊರಿನ, ಬೇರೆ ಬೇರೆ ಸ್ವಭಾವದ ಜನರನ್ನೆಲ್ಲ ಒಟ್ಟುಹಾಕಿ 'ಜಪಾನಾಯ್ಸ್' ಅಂತ ಹಣೆಪಟ್ಟಿ ಅಂಟಿಸಿದರು. ಗೊತ್ತಿಲ್ಲದ್ದು ಯಾವಾಗಲೂ ಸ್ವಲ್ಪ ಭಯಂಕರವಾಗೇ ಕಾಣುತ್ತೆ. ನಮ್ಮ ಸೀನಿಯರ್‌ಗೆ ಸಿಕ್ಕಿದ್ದೂ ಆ ಭಯಂಕರದ ಕಾಪಿನೇ.

ಒಸಾಕಾ ಜಪಾನಿನಲ್ಲಿ ತಮಾಷೆಗೆ ಹೆಸರಾದ ಊರು. ಅಲ್ಲಿನ ಮಾಂಜಾಯ್ ಹಾಸ್ಯದಲ್ಲಿ ವೇದಿಕೆ ಮೇಲೆ ಇಬ್ಬರು ನಿಂತಿರ್ತಾರೆ. ಒಬ್ಬ ಪೆದ್ದುಪೆದ್ದಾಗಿ ಏನೋ ಒದರ್ತಾನೆ, ಇನ್ನೊಬ್ಬ ಅವನ ತಲೆಗೆ ಮೊಟಕಿ ತಿದ್ದುತ್ತಾನೆ. ನಮ್ಮ ಊಹೆ ಏನಂದ್ರೆ, ನಾಯ್ಸ್‌ನಲ್ಲಿ ಆ ಎರಡನೆಯವನು ರಜೆ ಹಾಕಿದ್ದಾನೆ. ಪೆದ್ದ ಮಾತ್ರ ಇದ್ದಾನೆ, ತಿದ್ದೋರು ಯಾರೂ ಇಲ್ಲ. ಆ ಖಾಲಿ ಜಾಗದಲ್ಲಿ ಕೇಳುಗ ನಿಂತ್ಕೋಬೇಕು. "ಬೇರಿಂಗ್ ಹೋಗಿದೆ" ಅಂದ ಹುಡುಗ ತನಗೇ ಗೊತ್ತಿಲ್ಲದೆ ಆ ಪಾತ್ರ ಮಾಡಿ ಹೋದ.

ಇನ್‌ಕೆಪಾಸಿಟೆಂಟ್ಸ್ ಅನ್ನೋ ಜೋಡಿಯ ವಿಡಿಯೋ ನೋಡಿದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಮಿಕಾವಾ ತೊಶಿಜಿ ಬ್ಯಾಂಕ್ ಉದ್ಯೋಗಿ, ಕೊಸಕಾಯ್ ಫುಮಿಯೊ ಸರ್ಕಾರಿ ನೌಕರ. ಒಂದು ಆಲ್ಬಮ್ಮಿಗೆ ಇವರು ಇಟ್ಟ ಹೆಸರು 'ಅಸೆಟ್ ವಿದೌಟ್ ಲಯಬಿಲಿಟಿ', ಸಾಲವೇ ಇಲ್ಲದ ಆಸ್ತಿ. ಬ್ಯಾಂಕಿನವರೇ ಮಾಡಬಹುದಾದ ಜೋಕು. ಮುಂದೆ ಒಂದು ಮೇಜು, ಅದರ ತುಂಬ ಡಿಸ್ಟಾರ್ಷನ್ ಪೆಡಲ್‌ಗಳು, ವೈರುಗಳ ಗೋಜಲು. ನಡುವಯಸ್ಸು ದಾಟಿದ ಇಬ್ಬರು ಅದರ ಮುಂದೆ ಮೈಮೇಲೆ ದೇವರು ಬಂದವರ ಹಾಗೆ ನಡುಗ್ತಾರೆ, ಕೈ ಎತ್ತಿ ಕುಣೀತಾರೆ. ಸಿಟ್ಟು ಎಲ್ಲೂ ಇಲ್ಲ, ಖುಷಿಯೋ ಖುಷಿ.

ಎಲೆಕ್ಟ್ರಾನಿಕ್ಸ್‌ನವರಿಗೆ ಇಲ್ಲಿ ಇನ್ನೂ ಒಂದು ಮಜಾ ಇದೆ. ನಮಗೆ ಸಿಗ್ನಲ್ ಅಂದ್ರೆ ಬೇಕಾದದ್ದು, ನಾಯ್ಸ್ ಅಂದ್ರೆ ಸೋಸಿ ಬಿಸಾಕೋದು. ಇವರು ಔಟ್‌ಪುಟ್ಟನ್ನೇ ತಂದು ಇನ್‌ಪುಟ್ಟಿಗೆ ಚುಚ್ತಾರೆ. ಲೂಪ್ ಗೇನ್ ಒಂದಕ್ಕೆ ಮುಟ್ಟಿ, ಫೇಸ್ ಹೊಂದಿಕೊಂಡರೆ ಸರ್ಕ್ಯೂಟ್ ತಾನಾಗಿ ಕಿರುಚೋಕೆ ಶುರುಮಾಡುತ್ತೆ. ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗ ಅಲೆಯ ತಲೆ ಚಪ್ಪಟೆಯಾಗಿ, ಮೊದಲು ಇಲ್ಲದ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಪೆಡಲ್ ಒಂದರ ಹಿಂದೆ ಒಂದು ಇದ್ದಾಗ ಯಾವ ಗುಂಡಿ ತಿರುಗಿಸಿದರೆ ಏನು ಬರುತ್ತೆ ಅಂತ ನುಡಿಸೋನಿಗೂ ಪೂರ್ತಿ ಗೊತ್ತಿರಲ್ಲ. ಲ್ಯಾಬಲ್ಲಿ ಇದೇ ಆದ್ರೆ ರೆಕಾರ್ಡ್ ಬುಕ್ಕಿಗೆ ಸಹಿ ಸಿಗಲ್ಲ. ಅವರು ಅದನ್ನೇ ನಲವತ್ತು ನಿಮಿಷ ಮಾಡ್ತಾರೆ, ಯಾವ ರೀಡಿಂಗನ್ನೂ ಬರೆದುಕೊಳ್ಳದೆ.

ಹಾಗಂತ ಎಲ್ಲಾ ತುಂಟತನಕ್ಕೂ ನಾವು ಚಪ್ಪಾಳೆ ಹೊಡೆಯಲ್ಲ. 1985ರಲ್ಲಿ ಟೋಕಿಯೋದ ಸೂಪರ್‌ಲಾಫ್ಟ್‌ನಲ್ಲಿ ಹಾನಾತರಾಶ್ ಕಾರ್ಯಕ್ರಮ. ಏನಾದ್ರೂ ಆದರೆ ನಾವೇ ಹೊಣೆ ಅಂತ ಪ್ರೇಕ್ಷಕರು ಮೊದಲೇ ಬರೆದುಕೊಡಬೇಕಿತ್ತು. ಆಮೇಲೆ ಐ, ನಾವು ಜೆಸಿಬಿ ಅಂತೀವಲ್ಲ ಅಂಥ ಯಂತ್ರವನ್ನು ಗೋಡೆ ಒಡೆದು ಒಳಕ್ಕೆ ನುಗ್ಗಿಸಿದ. ಪೆಟ್ರೋಲ್ ಬಾಂಬ್ ಎಸೆಯೋಕೂ ಹೊರಟಿದ್ದ, ತಡೆದರು. ಈ ಕಥೆಯನ್ನು ಎಲ್ಲರೂ ಕಣ್ಣರಳಿಸಿ ಹೇಳ್ತಾರೆ. ನಮಗೆ ಆ ಗೋಡೆಯ ಪಕ್ಕ ನಿಂತಿದ್ದವರ ನೆನಪಾಗುತ್ತೆ. ರ‍್ಯಾಗಿಂಗ್ ಮಾಡೋರೂ ತಮಾಷೆಗೆ ಅಂತಾನೇ ಹೇಳೋದಲ್ವಾ? ಅದೇ ರೀತಿ, ಕೆಲವು ನಾಯ್ಸ್ ಆಲ್ಬಮ್ಮುಗಳ ಮೇಲೆ ಕಟ್ಟಿಹಾಕಿದ ಹೆಂಗಸರ ಚಿತ್ರ ಹಾಕ್ತಿದ್ದದ್ದರಲ್ಲೂ ನಮಗೆ ನಗು ಕಾಣಲಿಲ್ಲ. ತನ್ನನ್ನೇ ಪೆದ್ದನಾಗಿ ಮಾಡ್ಕೊಳ್ಳೋದು ಒಂದು, ಬೇರೆಯವರ ಮೈಯನ್ನು ಪಣಕ್ಕಿಡೋದು ಇನ್ನೊಂದು.

ಐ ಕೂಡ ಅಲ್ಲಿಗೇ ನಿಲ್ಲಲಿಲ್ಲ ಅನ್ನೋದು ನಮಗೆ ಇಷ್ಟ. 1986ರಲ್ಲಿ ಶುರುವಾದ ಅವನ ಬೋರ್‌ಡಮ್ಸ್ ತಂಡ 2007ರ ಜುಲೈ 7ರಂದು ಬ್ರೂಕ್ಲಿನ್‌ನಲ್ಲಿ 77 ಡ್ರಮ್ಮರ್‌ಗಳನ್ನು ಸುರುಳಿಯಾಗಿ ಕೂರಿಸಿ ಬಾರಿಸಿತು. ಏಳರ ಮೇಲೆ ಏಳು ಅನ್ನೋ ಮಕ್ಕಳಾಟದಂಥ ಲೆಕ್ಕ, ಸದ್ದು ಮಾತ್ರ ಜಾತ್ರೆಯದು. 1979ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ, ವೇದಿಕೆ ಗಲೀಜು ಮಾಡೋದಕ್ಕೇ ಕುಖ್ಯಾತವಾಗಿದ್ದ ಹಿಜೊಕಾಯ್ದಾನ್ (ತುರ್ತು ಮೆಟ್ಟಿಲು ಅಂತ ಅರ್ಥ) 2013ರಲ್ಲಿ ಹತ್ಸುನೆ ಮಿಕು ಜೊತೆ ಸೇರಿ ಆಲ್ಬಮ್ ಮಾಡಿತು. ಮಿಕು ಮನುಷ್ಯಳಲ್ಲ, ಹಾಡೋ ಸಾಫ್ಟ್‌ವೇರ್. ಇನ್ನು ನಮ್ಮ 'ಬೇರಿಂಗ್' ಮೆರ್ಜ್‌ಬೋ, ಅಂದರೆ ಅಕಿತಾ ಮಸಾಮಿ, ಎಲ್ಲರಿಗಿಂತ ಭಯಂಕರ ಅಂತ ಹೆಸರು. ಮನೆಯಲ್ಲಿ ಕೋಳಿ ಸಾಕಿ, ಮಾಂಸ ಬಿಟ್ಟು, 2009ರಲ್ಲಿ ಜಪಾನಿನ ಹಕ್ಕಿಗಳ ಹೆಸರಲ್ಲಿ ತಿಂಗಳಿಗೊಂದರಂತೆ ಆಲ್ಬಮ್ ಬಿಟ್ಟ ಮನುಷ್ಯ.

ಇದನ್ನೆಲ್ಲ ಸೀನಿಯರ್‌ಗೆ ಹೇಳಿದ್ವಿ. ಕೋಳಿ ವಿಷಯ ಬಂದಾಗ ಅವರ ಮೀಸೆ ಸ್ವಲ್ಪ ಅಲುಗಾಡಿತು. ಕೇಳಬೇಕು ಅನ್ನಿಸಿದವರು ಬೋರ್‌ಡಮ್ಸ್‌ನ 'ಪಾಪ್ ತತಾರಿ'ಯಿಂದ ಶುರುಮಾಡಿ. ಇಯರ್‌ಫೋನ್ ಬೇಡ, ಸ್ಪೀಕರಲ್ಲಿ, ವಾಲ್ಯೂಮ್ ಕಡಿಮೆ ಇಟ್ಟು. ಪಕ್ಕದ ರೂಮಿನವರು ಬಂದು ಏನು ಕೆಟ್ಟಿದೆ ಅಂತ ಕೇಳಿದರೆ ಒಳಗೆ ಕರೆದು ಕೂರಿಸಿ.