ಪೊಲೀಸರ ಶೀಟ್ ತೆರೆಯುವವರು ಯಾರು?

ಚುನಾವಣೆಯೋ ಗಣೇಶ ಹಬ್ಬವೋ ಹತ್ತಿರ ಬಂದರೆ ನಮ್ಮ ಊರುಗಳಲ್ಲಿ ರೌಡಿ ಪರೇಡ್ ನಡೆಯುತ್ತದೆ. ಹೆಸರು ಕೂಗಿ, ಸಾಲಾಗಿ ನಿಲ್ಲಿಸಿ, ಎಚ್ಚರಿಕೆ ಕೊಟ್ಟು ಕಳಿಸುತ್ತಾರೆ. ಮರುದಿನ ಫೋಟೊ ಪತ್ರಿಕೆಯಲ್ಲಿರುತ್ತದೆ. ಆ ಸಾಲಿನಲ್ಲಿ ಯಾವ ಕೋರ್ಟಿನಲ್ಲೂ ಶಿಕ್ಷೆಯಾಗದವರೂ ಇರುತ್ತಾರೆ. ರೌಡಿ ಶೀಟ್ ತೆರೆಯಲು ಶಿಕ್ಷೆಯೇ ಆಗಿರಬೇಕೆಂದಿಲ್ಲ, ಠಾಣೆಯ ಅನುಮಾನಕ್ಕೆ ಮೇಲಧಿಕಾರಿಯ ಒಪ್ಪಿಗೆ ಸಿಕ್ಕರೆ ಸಾಕು. ಮುಂದೆ ಅವನು ಜಾಮೀನು ಕೇಳಿದ ದಿನ ಸರ್ಕಾರಿ ವಕೀಲರ ತಕರಾರಿನಲ್ಲಿ ಆ ಶೀಟ್ ಮೊದಲು ಹಾಜರಾಗುತ್ತದೆ. ಆದರೆ ಅದೇ ಕೋರ್ಟಿನಲ್ಲಿ ಸಾಕ್ಷಿ ಕಟ್ಟೆ ಹತ್ತುವ ಅಧಿಕಾರಿ ಹಿಂದೊಮ್ಮೆ ಸುಳ್ಳು ಪಂಚನಾಮೆ ಬರೆದು ಸಿಕ್ಕಿಬಿದ್ದಿದ್ದರೆ, ಇಲಾಖಾ ವಿಚಾರಣೆಯಲ್ಲಿ ತಪ್ಪು ಸಾಬೀತಾಗಿ ಇನ್‌ಕ್ರಿಮೆಂಟ್ ಕಳೆದುಕೊಂಡಿದ್ದರೆ, ಅದು ಆರೋಪಿಯ ವಕೀಲರಿಗೂ ಗೊತ್ತಾಗುವುದಿಲ್ಲ, ನ್ಯಾಯಾಧೀಶರಿಗೂ ಗೊತ್ತಾಗುವುದಿಲ್ಲ. ಆರೋಪಿಯ ಹಾಳೆ ಬೀದಿಯಲ್ಲಿ, ಅಧಿಕಾರಿಯ ಹಾಳೆ ಬೀರುವಿನಲ್ಲಿ. ಈ ತಾರತಮ್ಯವನ್ನು ನ್ಯಾಯವೆಂದು ಒಪ್ಪಲು ನಾನು ತಯಾರಿಲ್ಲ.

ಗದಗ-ಬೆಟಗೇರಿಯ ಓಸಿ, ಮಟ್ಕಾ ಕೇಸುಗಳನ್ನು ನೋಡಿ. ಶಿರಹಟ್ಟಿ, ಮುಂಡರಗಿ ಕಡೆಯ ತುಂಗಭದ್ರೆಯ ಮರಳಿನ ಕೇಸುಗಳನ್ನು ನೋಡಿ. ಇಂಥ ಕೇಸುಗಳಲ್ಲಿ ಪಂಚರು ಉಲ್ಟಾ ಹೊಡೆದರೆ ಉಳಿಯುವುದು ದಾಳಿ ಮಾಡಿದ ಅಧಿಕಾರಿಯ ಮಾತೊಂದೇ. ದೂರು ಕೊಟ್ಟ ಪೊಲೀಸರೇ ತನಿಖೆ ನಡೆಸಿದರೂ ಅಷ್ಟರಿಂದಲೇ ಕೇಸು ಬಿದ್ದುಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಸರಿ, ಒಬ್ಬನೇ ಮನುಷ್ಯ ದೂರುದಾರ, ತನಿಖಾಧಿಕಾರಿ, ಮುಖ್ಯ ಸಾಕ್ಷಿ ಮೂರೂ ಆಗಬಹುದಾದರೆ, ಆ ಮನುಷ್ಯ ಎಂಥವನು ಎಂದು ಕೇಳುವ ಹಕ್ಕು ಆರೋಪಿಗೆ ಬೇಡವೇ? ಸಾಕ್ಷ್ಯ ಕಾನೂನು ಈ ಪ್ರಶ್ನೆ ಕೇಳಲು ಬಿಡುತ್ತದೆ, ಆದರೆ ಕೈ ಕಟ್ಟಿ ಬಿಡುತ್ತದೆ. ಸಾಕ್ಷಿಯ ನಡತೆ ಕೆದಕುವ ವಕೀಲರ ಬಳಿ ತಕ್ಕ ಆಧಾರವಿರಬೇಕು. ಆಧಾರವೆಲ್ಲ ಇಲಾಖೆಯ ಕಡತದಲ್ಲಿದೆ. ಆಧಾರವಿಲ್ಲದೆಯೇ ಕೇಳಿ, ಸಾಕ್ಷಿ 'ಇಲ್ಲ' ಎಂದರೆ, ಹಿಂದಿನ ಶಿಕ್ಷೆ, ಪಕ್ಷಪಾತದಂಥ ಕೆಲವು ವಿಷಯ ಬಿಟ್ಟು ಉಳಿದದ್ದಕ್ಕೆ ಎದುರು ಸಾಕ್ಷ್ಯ ತರುವಂತಿಲ್ಲ. 1872ರ ಈ ನಿಯಮವನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಹಾಗೆಯೇ ಇಟ್ಟುಕೊಂಡಿತು. ಪ್ರಾಸಿಕ್ಯೂಷನ್ ಬಳಸದೆ ಬಿಟ್ಟ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಅಧಿಕಾರಿಯ ಸೇವಾ ಕಡತ ಆ ಕೇಸಿನ ದಾಖಲೆಯೇ ಅಲ್ಲವಲ್ಲ, ಪಟ್ಟಿಗೆ ಬರುವುದೆಲ್ಲಿಂದ?

ಹಾಗಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ ಎನ್ನುತ್ತಾರೆ. ಭವಿಷ್ಯ ನಿಧಿ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2012ರಲ್ಲೇ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರನಿಗೆ ಕೊಟ್ಟ ಮೆಮೊ, ನೋಟಿಸು, ದಂಡನೆಗಳೆಲ್ಲ ಅವನ ವೈಯಕ್ತಿಕ ಮಾಹಿತಿ ಎಂದುಬಿಟ್ಟಿತು. ಆಗ ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ ಕಿಂಡಿಯೊಂದು ಮಾಹಿತಿ ಹಕ್ಕು ಕಾಯ್ದೆಯ ವೈಯಕ್ತಿಕ ಮಾಹಿತಿಯ ಕಲಮಿನಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅದನ್ನೂ ಅಲ್ಲಿಂದ ಕಿತ್ತುಹಾಕಿತು, 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು. ಬೇರೆ ಉಪಕಲಮಿನಲ್ಲಿ ಸಾರ್ವಜನಿಕ ಹಿತದ ಮಾತು ಉಳಿದಿದೆ ಎಂದು ಕೇಂದ್ರ ಸರ್ಕಾರ ಸಮಾಧಾನ ಹೇಳುತ್ತದೆ. ಮೇಲಧಿಕಾರಿಯ ಮುಖ ನೋಡಿ ಕೆಲಸ ಮಾಡುವ ಮಾಹಿತಿ ಅಧಿಕಾರಿ ಆ ಉಪಕಲಮನ್ನು ಹುಡುಕಿ ತೆಗೆದು ಕಡತ ಕೊಡುತ್ತಾನೆಂದು ನಂಬಿಸುವುದು ಜನರಿಗೆ ಮಾಡುವ ಮೋಸ. ಖಾಸಗಿತನ ಅಧಿಕಾರಿಯ ಮನೆಗೆ, ಆರೋಗ್ಯಕ್ಕೆ, ಸಂಸಾರಕ್ಕೆ ಇರಲಿ. ಸಮವಸ್ತ್ರದಲ್ಲಿ, ಸರ್ಕಾರಿ ಸಂಬಳದಲ್ಲಿ, ಇನ್ನೊಬ್ಬನನ್ನು ಜೈಲಿಗೆ ಕಳಿಸಲು ಹೇಳಿದ ಸುಳ್ಳು ಯಾರ ಖಾಸಗಿ ವಿಷಯವೂ ಅಲ್ಲ.

ಮೈಸೂರು ಜಿಲ್ಲೆಯ ಬೆಟ್ಟದಪುರದ ಕೇಸು ಕಣ್ಣೆದುರಿಗೇ ಇದೆ. ಸಿಕ್ಕ ಅಸ್ಥಿಪಂಜರವೊಂದನ್ನು ಹೆಂಡತಿಯದೆಂದು ಹೇಳಿ, ಕುಶಾಲನಗರದ ಕಡೆಯ ಆದಿವಾಸಿ ಕೂಲಿಕಾರನ ಮೇಲೆ ಕೊಲೆಯ ದೋಷಾರೋಪ ಹೊರಿಸಿದರು. ಡಿಎನ್‌ಎ ಹೊಂದಲಿಲ್ಲ, ಆದರೂ ಕೇಸು ನಡೆಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ 'ಸತ್ತ' ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು, ಕೋರ್ಟು ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಹೇಳಿತು. ಅದೇ ತನಿಖಾ ತಂಡ ನಡೆಸಿದ ಉಳಿದ ಕೇಸುಗಳ ಆರೋಪಿಗಳಿಗೆ ಈ ಸಂಗತಿಯನ್ನು ತಿಳಿಸಬೇಕಾದ ಕರ್ತವ್ಯ ಇಂದಿಗೂ ಯಾರ ಮೇಲೂ ಇಲ್ಲ. ನಮ್ಮ ಲಕ್ಷ್ಮೇಶ್ವರದಲ್ಲಿ 2017ರ ಫೆಬ್ರುವರಿಯಲ್ಲಿ ಪೊಲೀಸರ ವಶದಲ್ಲಿದ್ದ ಯುವಕ ಸತ್ತನೆಂದು ಸಿಟ್ಟಿಗೆದ್ದ ಜನ ಠಾಣೆಗೇ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲಾಖೆ ತನ್ನ ತಪ್ಪನ್ನು ತಾನೇ ಮುಚ್ಚಿಡುತ್ತದೆಂದು ಜನ ಮೊದಲೇ ತೀರ್ಮಾನಿಸಿರುವ ಊರಿನಲ್ಲಿ ಒಂದು ಸಾವಿನ ಸುದ್ದಿ ಏನು ಮಾಡುತ್ತದೆಂದು ಇಲಾಖೆ ಅಂದೇ ಕಲಿಯಬೇಕಿತ್ತು.

ಪೊಲೀಸರ ಸ್ಥೈರ್ಯ ಕುಗ್ಗುತ್ತದೆಂಬ ವಾದ ಕೇಳಿ ಕೇಳಿ ಸಾಕಾಗಿದೆ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ 2022ರಲ್ಲಿ ಬಂಧಿತರಾದರಲ್ಲ, ಓದಿ ಬರೆದ ಬಡ ಹುಡುಗರ ಸ್ಥೈರ್ಯದ ಲೆಕ್ಕ ಆಗ ಯಾರು ಇಟ್ಟರು? ಪ್ರಾಮಾಣಿಕ ಪೇದೆಯ ಸ್ಥೈರ್ಯ ಕುಗ್ಗಿಸುವುದು ಕಳ್ಳ ಪಂಚನಾಮೆ ಬರೆದೂ ಬಡ್ತಿ ಪಡೆಯುವ ಸಾಹೇಬರು. ರೌಡಿಗಳೆಲ್ಲ ಸುಳ್ಳು ದೂರು ಕೊಡುತ್ತಾರೆ ಎಂಬ ಹೆದರಿಕೆಗೆ ಉತ್ತರ ಸುಲಭ: ಬರಿಯ ದೂರು ಬೇಡ, ವಿಚಾರಣೆಯಲ್ಲಿ ಸಾಬೀತಾದದ್ದು, ಕೋರ್ಟೇ ಛೀಮಾರಿ ಹಾಕಿದ್ದು, ಇಷ್ಟು ಸಾಕು. ನ್ಯಾಯಾಧೀಶರು ಮೊದಲು ತಾವು ಓದಿ, ಕೇಸಿಗೆ ಸಂಬಂಧಿಸಿದ್ದನ್ನು ಮಾತ್ರ ಕೊಡಲಿ. ಅಮೆರಿಕದಲ್ಲಿ 1963 ಮತ್ತು 1972ರ ತೀರ್ಪುಗಳಿಂದಲೇ ಸಾಕ್ಷಿಯ ನಂಬಿಕೆ ಕುಂದಿಸುವ ಮಾಹಿತಿಯನ್ನು ಪ್ರಾಸಿಕ್ಯೂಷನ್ ಆರೋಪಿಗೆ ಕೊಡಬೇಕಾಗಿದೆ. ಪೊಲೀಸರ ಶಿಸ್ತು ಕಡತ ಮುಚ್ಚಿಡುತ್ತಿದ್ದ ತನ್ನ ಕಾನೂನನ್ನು ನ್ಯೂಯಾರ್ಕ್ ರಾಜ್ಯ 2020ರಲ್ಲಿ ರದ್ದು ಮಾಡಿತು. ಅಲ್ಲಿ ಪೊಲೀಸ್ ಠಾಣೆಗಳೇನೂ ಬಾಗಿಲು ಹಾಕಲಿಲ್ಲ.

ದಂಡ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಕ್ಕೆ ತಿದ್ದುಪಡಿ ತರುವ ಅಧಿಕಾರವಿದೆ. 2023ರಲ್ಲಿ ರಾಜ್ಯದ ಕಾನೂನು ಖಾತೆ ವಹಿಸಿಕೊಂಡವರು ಗದಗಿನ ಶಾಸಕ ಎಚ್.ಕೆ. ಪಾಟೀಲರು. ದೋಷಾರೋಪ ಪಟ್ಟಿಯ ಜೊತೆಗೆ ತನಿಖಾಧಿಕಾರಿಯ ಮೇಲೆ ಸಾಬೀತಾದ ದುರ್ನಡತೆಯ ವಿವರವನ್ನೂ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಸಲ್ಲಿಸಬೇಕೆಂಬ ಮಸೂದೆಯನ್ನು ಅವರು ಸದನದ ಮುಂದೆ ತರಬೇಕು. ತರುವವರೆಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವಕೀಲರು ಪ್ರತಿ ಕೇಸಿನಲ್ಲೂ ಆ ಕಡತ ತರಿಸಬೇಕೆಂದು ಅರ್ಜಿ ಹಾಕಲಿ, ತಿರಸ್ಕರಿಸಿದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಲಿ.